ಜ್ವರದ ಕಾಲಂನಲ್ಲಿ ಸೇರಿಹೋದ ಪ್ಲೇಗು: ಮುಂಬಯಿಯ ಒಂದು ವಿದ್ಯಾರ್ಥಿ ಸಂಶೋಧನೆಯ ಪ್ರಕರಣ ಅಧ್ಯಯನ

ಮುಂಬಯಿಯ ಕಾಲೇಜೊಂದರಲ್ಲಿ ಇತಿಹಾಸ ಓದುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಸ್ವತಂತ್ರ ಸಂಶೋಧನಾ ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ ‘ಮುಂಬಯಿಯ ಎರಡು ಮಹಾಮಾರಿಗಳು: 1896ರ ಪ್ಲೇಗು ಮತ್ತು 2020ರ ಕೋವಿಡ್, ಒಂದು ತೌಲನಿಕ ಅಧ್ಯಯನ’. ಮನೆ ಡೊಂಬಿವಲಿಯಲ್ಲಿ, ಮೂಲ ಹುಬ್ಬಳ್ಳಿ ಕಡೆ, ತಂದೆ ರೈಲ್ವೆ ನೌಕರರು. ಕೊನೆಗೆ ಅವಳು ಬರೆದು ಒಪ್ಪಿಸಿದ್ದು ಇದನ್ನಲ್ಲ. ಪ್ಲೇಗಿನ ಮೊದಲ ಹಾವಳಿಯ ತಿಂಗಳುಗಳಲ್ಲಿ ಮುಂಬಯಿ ಮುನಿಸಿಪಾಲಿಟಿ ಇಟ್ಟ ಸಾವಿನ ಪಟ್ಟಿಯನ್ನು ಹೇಗೆ ಓದಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಅವಳ ಪ್ರಬಂಧ ನಿಂತಿತು. ಗೈಡ್ ಆಗಿ ನಾನು ಜೊತೆಗಿದ್ದೆ. ವಿಷಯ ಹೇಗೆ ಕಿರಿದಾಯಿತು, ಕಿರಿದಾದ ಮೇಲೆ ಅದರಲ್ಲಿ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

2020ರ ನಂತರ ಇತಿಹಾಸದ ಪ್ರತಿ ತರಗತಿಯಲ್ಲೂ ಒಬ್ಬರಾದರೂ ಈ ಹೋಲಿಕೆಯನ್ನು ಹಿಡಿದು ಬರುತ್ತಾರೆ. ಕಾರಣವಿಲ್ಲದೆ ಅಲ್ಲ. 1897ರ ಫೆಬ್ರವರಿಯಲ್ಲಿ ಮುಂಬಯಿಯ ಪ್ಲೇಗಿಗೆಂದೇ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚಿನಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರಗಳು ಮತ್ತೆ ಬಳಕೆಗೆ ತಂದವು. ಅವತ್ತೂ ಜನ ಊರು ಬಿಟ್ಟು ಓಡಿದರು, ಇವತ್ತೂ ನಡೆದು ಹೋದರು. ಅವತ್ತೂ ಮನೆಬಾಗಿಲಿಗೆ ಗುರುತು, ಇವತ್ತೂ ಸ್ಟಿಕ್ಕರ್. ಹೀಗೆ ಜೋಡಿ ಜೋಡಿಯಾಗಿ ಪಟ್ಟಿ ಮಾಡಿದರೆ ನಲವತ್ತು ಪುಟ ತುಂಬುವುದು ಕಷ್ಟವಲ್ಲ. ಆದರೆ ಬರೆದವರಿಗಾಗಲಿ ಓದಿದವರಿಗಾಗಲಿ ಮೊದಲು ಗೊತ್ತಿಲ್ಲದ ಒಂದು ಸಂಗತಿಯೂ ಆ ನಲವತ್ತು ಪುಟದಲ್ಲಿ ಇರುವುದಿಲ್ಲ. ಇದನ್ನು ನೇರವಾಗಿ ಹೇಳಿದಾಗ ಅವಳಿಗೆ ಬೇಸರವಾಯಿತು. "ಸರ್, ಕೋವಿಡ್ ನಾವು ನೋಡಿದ್ದೀವಿ, ಅದನ್ನ ಬಿಟ್ಟು ಹೆಂಗ ಬರೀಲಿ?" ಎಂದಳು. ನೋಡಿದ್ದನ್ನು ಬಿಡಬೇಡ, ಮೊದಲು ನೋಡದೆ ಇರುವುದನ್ನು ನೋಡಿಕೊಂಡು ಬಾ ಎಂದು ಕಳಿಸಿದೆ.

ಮೂಲ ಘಟನೆಗಳು ಎಲ್ಲ ಪುಸ್ತಕಗಳಲ್ಲೂ ಇವೆ, ಚಿಕ್ಕದಾಗಿ ಹೇಳುತ್ತೇನೆ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಗೋವಾ ಮೂಲದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಗಡ್ಡೆ ಪ್ಲೇಗನ್ನು ಗುರುತಿಸಿದರು. ಮಾಂಡವಿ ಎಂದರೆ ಧಾನ್ಯದ ಗೋದಾಮುಗಳು, ಗೋದಾಮೆಂದರೆ ಇಲಿ. ಅಕ್ಟೋಬರಿನಲ್ಲಿ ಮುನಿಸಿಪಲ್ ಕಮಿಷನರ್ ಸ್ನೋ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯುವ ಆದೇಶ ಹೊರಡಿಸಿದರು. ಅದೇ ತಿಂಗಳ 29ರಂದು ಸಾವಿರದಷ್ಟು ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಆದೇಶ ಸಡಿಲವಾಯಿತು. ಊರಿನ ಕಸ, ಮಲ ಹೊರುವ ಹಲಾಲಖೋರರು ಹೆದರಿ ಓಡಿಹೋದರೆ ನಗರವೇ ಉಳಿಯುವುದಿಲ್ಲ ಎಂಬ ದಿಗಿಲು ಅಧಿಕಾರಿಗಳಿಗಿತ್ತು. ರಷ್ಯಾ ಸಾಮ್ರಾಜ್ಯದ ಒಡೆಸಾದಲ್ಲಿ ಹುಟ್ಟಿದ್ದ ಬ್ಯಾಕ್ಟೀರಿಯಾ ತಜ್ಞ ಹಾಫ್‌ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡರು. ಮಾರ್ಚಿನಲ್ಲಿ ಜನರಲ್ ಗಟೇಕರ್ ನೇತೃತ್ವದಲ್ಲಿ ಪ್ಲೇಗು ಸಮಿತಿ ಬಂತು. ಅದೇ ಮಾರ್ಚ್ 10ರಂದು ಪುಣೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಜೂನ್ 22ರಂದು ಅಲ್ಲಿಯ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರ ಗುಂಡು ಬಿತ್ತು.

ಇಷ್ಟು ಕತೆ ಅವಳಿಗೆ ಬಾಯಿಪಾಠವಿತ್ತು. ಮೂಲ ದಾಖಲೆ ಒಂದನ್ನೂ ತೆರೆದಿರಲಿಲ್ಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಅಲ್ಲಿಂದ ಶುರುಮಾಡಲು ಹೇಳಿದೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಓದಿದಳಂತೆ. ಬರೀ ವರ್ಣನೆಯ ಭಾಗಗಳನ್ನು ಓದುವುದು, ಕೋಷ್ಟಕ ಬಂದಾಗ ಬೆರಳಿನಿಂದ ಸರಿಸಿಬಿಡುವುದು. ಇತಿಹಾಸದ ಮಕ್ಕಳಿಗೆ ಅಂಕಿ ಕಂಡರೆ ಇರುವ ಅಲರ್ಜಿ ನನಗೆ ಹೊಸದಲ್ಲ. ಆ ಕೋಷ್ಟಕಗಳಲ್ಲಿ ಒಂದನ್ನು ಎಕ್ಸೆಲ್‌ನಲ್ಲಿ ಕೈಯಾರೆ ಟೈಪ್ ಮಾಡಿಕೊಂಡು ಬಾ, ಬೇರೇನೂ ಬೇಡ ಎಂದೆ.

ಟೈಪ್ ಮಾಡುವಾಗ ಕಣ್ಣು ಕೋಷ್ಟಕದ ಪ್ರತಿ ಅಂಕಿಯ ಮೇಲೂ ನಿಲ್ಲಲೇಬೇಕು. ಸಾವಿನ ಪಟ್ಟಿಯಲ್ಲಿ ಕಾಲರಾ, ಸಿಡುಬು, ಜ್ವರಗಳು, ಭೇದಿ ಮತ್ತು ಆಮಶಂಕೆ, ಉಸಿರಾಟದ ಕಾಯಿಲೆಗಳು, ಇತರ ಕಾರಣಗಳು ಎಂದು ಕಾಲಂಗಳು. ಇವುಗಳ ಜೊತೆ ಹೊಸದಾಗಿ ಸೇರಿಕೊಂಡದ್ದು ಪ್ಲೇಗು. ಅವಳು ನೋಡಬೇಕೆಂದುಕೊಂಡದ್ದು ಪ್ಲೇಗಿನ ಕಾಲಂ ಮಾತ್ರ. ಆದರೆ ಪ್ಲೇಗು ಏರುವಾಗಲೆಲ್ಲ ಜ್ವರದ ಕಾಲಮ್ಮೂ ಏರುತ್ತಿತ್ತು, ಅದರಲ್ಲೂ ಇಳಿದಂತಾಗಿ ಬಿಡದೆ ಮತ್ತೆ ಏರುವ ಜ್ವರ, ಅಂದಿನ ವೈದ್ಯರು ರೆಮಿಟೆಂಟ್ ಎಂದು ಕರೆಯುತ್ತಿದ್ದದ್ದು. ಉಸಿರಾಟದ ಕಾಲಂ ಕೂಡ ಸುಮ್ಮನಿರಲಿಲ್ಲ. "ಸರ್, ಪ್ಲೇಗಿನ ವರ್ಷ ಬ್ಯಾರೆ ಜಡ್ಡೂ ಜಾಸ್ತಿ ಆಗಿದ್ವು ಅನ್ಸತದ" ಎಂದು ಫೋನ್ ಮಾಡಿದಳು. ಹಾಗಿದ್ದರೆ ಎಲ್ಲವೂ ಒಂದೇ ವಾರ ಏರಿ ಒಂದೇ ವಾರ ಇಳಿದದ್ದು ಯಾಕೆ ಎಂದು ಕೇಳಿದೆ. ಅವಳ ಕೆಲಸದಲ್ಲಿ ನಿಜವಾದ ಸಂಶೋಧನೆ ಶುರುವಾದದ್ದು ಈ ಪ್ರಶ್ನೆಯಿಂದ.

ಲೆಕ್ಕ ಸರಳ. ಯಾವುದೋ ಊರಿನಲ್ಲಿ ಮಾಮೂಲಿ ವರ್ಷ ವಾರಕ್ಕೆ 500 ಜನ ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಪ್ಲೇಗಿನ ಒಂದು ವಾರ 1,500 ಜನ ಸತ್ತರು, ಪ್ಲೇಗು ಎಂದು ಬರೆಸಿದ್ದು 600 ಮಾತ್ರ. ಹಾಗಾದರೆ ಮಾಮೂಲಿಗಿಂತ ಹೆಚ್ಚಾದದ್ದು 1,000 ಸಾವು, ಅದರಲ್ಲಿ 400 ಬೇರೆ ಹೆಸರಿನಲ್ಲಿ ಕೂತಿವೆ. ಈ ಅಂಕಿಗಳು ವಿವರಣೆಗಾಗಿ ನಾನು ಕಟ್ಟಿಕೊಂಡವು. ಆದರೆ ಈ ವಿಧಾನವನ್ನೇ ಅಂದಿನ ಆರೋಗ್ಯಾಧಿಕಾರಿಗಳೂ ಬಳಸಿದ್ದರು. ಹಿಂದಿನ ವರ್ಷಗಳ ಸರಾಸರಿಯನ್ನು ಪಕ್ಕದಲ್ಲಿಟ್ಟು, ಪ್ಲೇಗಿನ ಸಾವು ಕಡಿಮೆ ದಾಖಲಾಗಿದೆ ಎಂದು ಸರ್ಕಾರಿ ವರದಿಗಳೇ ಒಪ್ಪಿಕೊಂಡಿವೆ. ಕೋವಿಡ್ ಕಾಲದಲ್ಲಿ ‘ಅಧಿಕ ಸಾವು’ ಎಂದು ಪತ್ರಿಕೆಗಳಲ್ಲಿ ದಿನವೂ ಬಂದದ್ದು ಇದೇ ಲೆಕ್ಕ.

ಕಾಲಂ ಬದಲಾದದ್ದು ಯಾಕೆ? ಅವಳ ಮೊದಲ ಉತ್ತರ: ಜನ ಮುಚ್ಚಿಟ್ಟರು. ಇದರಲ್ಲಿ ಸತ್ಯವಿದೆ. ಮನೆಯಲ್ಲಿ ಪ್ಲೇಗು ಎಂದು ತಿಳಿದರೆ ರೋಗಿಯನ್ನು ಒಯ್ಯುತ್ತಾರೆ, ಉಳಿದವರನ್ನು ಕ್ಯಾಂಪಿಗೆ ಹಾಕುತ್ತಾರೆ, ಹಾಸಿಗೆ ಬಟ್ಟೆ ಸುಡುತ್ತಾರೆ, ಬೆಳಕು ಬರಲೆಂದು ಹೆಂಚು ತೆಗೆಯುತ್ತಾರೆ, ಗೋಡೆಗೆ ಗುರುತು ಹಾಕುತ್ತಾರೆ. ಚಾಳಿನ ಒಂದು ಖೋಲಿಯಲ್ಲಿ ಬದುಕುವವನಿಗೆ ಇದು ರೋಗಕ್ಕಿಂತ ದೊಡ್ಡ ಗಂಡಾಂತರ. ಸಾವಿನ ಕಾರಣ ಬರೆಸುವವರು ಬಹುಪಾಲು ಮನೆಯವರೇ, ವೈದ್ಯ ನೋಡಿದ ಸಾವುಗಳು ಕಡಿಮೆ. ಸೋನಾಪುರದ ಸುಡುಗಾಡಿನಲ್ಲಿ ಗುಮಾಸ್ತ ಕೇಳಿದರೆ ‘ಜ್ವರ’ ಎಂದರೆ ಸಾಕಿತ್ತು. ಮುಂದೆ ಹೆಣಗಳನ್ನೂ ತಪಾಸಣೆ ಮಾಡುವ ನಿಯಮ ಬಂತು ಎಂಬುದೇ ಮುಚ್ಚಿಡುವಿಕೆ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ. 1898ರ ಮಾರ್ಚ್ 9ರಂದು ಮದನಪುರದ ನೇಕಾರರ ಕೇರಿಯಲ್ಲಿ ಕಾಯಿಲೆಬಿದ್ದ ಹುಡುಗಿಯೊಬ್ಬಳನ್ನು ನೋಡಲು ಪ್ಲೇಗಿನ ತಂಡ ಬಂದದ್ದೇ ನೆಪವಾಗಿ ದೊಡ್ಡ ಗಲಭೆಯಾಯಿತು.

ಆದರೆ ಎಲ್ಲವನ್ನೂ ಜನರ ಸುಳ್ಳಿನ ಲೆಕ್ಕಕ್ಕೆ ಬರೆದರೆ ವಸಾಹತು ಅಧಿಕಾರಿಯ ದೂರನ್ನೇ ನಾವು ಮತ್ತೆ ಬರೆದ ಹಾಗಾಗುತ್ತದೆ. ರೋಗದ ಸ್ವಭಾವ ನೋಡಿ. ಬಗಲಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದರೆ ಯಾರಾದರೂ ಗುರುತಿಸಬಹುದು. ಸೋಂಕು ನೇರ ರಕ್ತಕ್ಕೆ ಇಳಿದರೆ ಗಡ್ಡೆ ಏಳುವ ಮೊದಲೇ ಮನುಷ್ಯ ಸಾಯುತ್ತಾನೆ. ಪುಪ್ಪುಸಕ್ಕೆ ಹತ್ತಿದರೆ ನ್ಯುಮೋನಿಯಾದಂತೆ ಕಾಣುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ವಿಜ್ಞಾನಿ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡದ್ದು 1894ರಲ್ಲಿ, ಅಂದರೆ ಎರಡೇ ವರ್ಷ ಹಿಂದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿದ ಸಾವುಗಳು ಬೆರಳೆಣಿಕೆ. ಪ್ರಾಮಾಣಿಕ ವೈದ್ಯನೂ ‘ರೆಮಿಟೆಂಟ್ ಜ್ವರ’ ಎಂದು ಬರೆದಿರಬಹುದು. ಜ್ವರದ ಕಾಲಂನಲ್ಲಿ ಸುಳ್ಳೂ ಇದೆ, ಅರಿವಿಲ್ಲದ್ದೂ ಇದೆ, ಎರಡನ್ನೂ ಬೇರ್ಪಡಿಸಲು ಆ ಪಟ್ಟಿಯಿಂದ ಆಗುವುದಿಲ್ಲ. ಇದನ್ನು ಅವಳು ಪ್ರಬಂಧದಲ್ಲಿ ನೇರವಾಗಿ ಬರೆದಳು. ಪದವಿ ಮಟ್ಟದ ಬರಹದಲ್ಲಿ ಇಂಥ ವಾಕ್ಯ ಅಪರೂಪ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಬೆಲೆ ಅಲ್ಲೇ ಇದೆ.

ಎರಡನೆಯ ತೊಡಕು ಜನಸಂಖ್ಯೆಯದು. ಸಾವಿರಕ್ಕೆ ಎಷ್ಟು ಸಾವು ಎಂದು ತೆಗೆಯಲು ಅವಳು 1891ರ ಜನಗಣತಿಯ 8,21,764 ಅನ್ನು ಕೆಳಗಿಟ್ಟು ಭಾಗಿಸಿದ್ದಳು. ಗಣಿತ ಸರಿ, ಊರು ಬೇರೆ. 1897ರ ಆರಂಭದ ಹೊತ್ತಿಗೆ ಮುಂಬಯಿ ಹತ್ತಿರ ಹತ್ತಿರ ಅರ್ಧ ಖಾಲಿಯಾಗಿತ್ತು. ರೈಲಿನಲ್ಲಿ, ಹಡಗಿನಲ್ಲಿ, ಕೊಂಕಣಕ್ಕೆ, ಗುಜರಾತಿಗೆ, ಘಟ್ಟದ ಮೇಲಕ್ಕೆ ಜನ ಹೋದರು. ಗಿರಣಿಗಳಿಗೆ ಕೈ ಸಿಗದೆ ಬೀದಿಮೂಲೆಯಲ್ಲಿ ಕೂಲಿಗೆ ಹರಾಜು ಕೂಗುವ ಸ್ಥಿತಿ ಬಂತು. ಉಳಿದವರ ಸಾವನ್ನು ಹೋದವರನ್ನೂ ಸೇರಿಸಿ ಭಾಗಿಸಿದರೆ ದರ ಅರ್ಧಕ್ಕೆ ಇಳಿಯುತ್ತದೆ. ಹೋದವರು ದಾರಿಯಲ್ಲೋ ಊರಲ್ಲೋ ಸತ್ತರೆ ಅವರು ಮುಂಬಯಿಯ ಪಟ್ಟಿಗೆ ಬರುವುದೇ ಇಲ್ಲ.

ಅವಳು ಮುಂದಿನ ಗಣತಿಗೆ ಹೋದಳು. 1901ರಲ್ಲಿ 7,76,006. ಹತ್ತು ವರ್ಷದಲ್ಲಿ 45,758 ಕಡಿಮೆ. ಪ್ಲೇಗಿನ ನಷ್ಟಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ಕರಡಿನಲ್ಲಿ ಬರೆದಿದ್ದಳು. ಗಣತಿ ನಡೆದದ್ದು ಯಾವ ದಿನ ನೋಡು ಎಂದೆ. 1901ರ ಮಾರ್ಚ್ 1. ಮುಂಬಯಿಯಲ್ಲಿ ಪ್ಲೇಗು ಚಳಿಗಾಲದಲ್ಲಿ ಏರುತ್ತ ಬಂದು ಫೆಬ್ರವರಿ, ಮಾರ್ಚಿನಲ್ಲಿ ತುದಿ ಮುಟ್ಟುತ್ತಿತ್ತು, ಸೆಕೆ ಬಲಿತ ಮೇಲೆ ಇಳಿಯುತ್ತಿತ್ತು. ಗಣತಿದಾರ ಬಾಗಿಲು ತಟ್ಟಿದ್ದು ಊರು ಖಾಲಿಯಾಗಿರುವ ಕಾಲದಲ್ಲೇ. ಸತ್ತವರೂ ಹೋದವರೂ ಆ ಒಂದೇ ಅಂಕಿಯೊಳಗೆ ಬೆರೆತಿದ್ದಾರೆ. 1911ರಲ್ಲಿ 9,79,445ಕ್ಕೆ ಏರಿದ್ದರಲ್ಲೂ ಅಷ್ಟೇ, ಹುಟ್ಟಿದವರೆಷ್ಟು, ಬಂದವರೆಷ್ಟು ಎಂದು ಆ ಸಂಖ್ಯೆ ಹೇಳುವುದಿಲ್ಲ. ಜೊತೆಗೆ 1896–97 ಮುಂಬಯಿ ಪ್ರಾಂತದಲ್ಲಿ ಬರಗಾಲ, 1899–1900 ಇನ್ನೂ ದೊಡ್ಡ ಬರ. ಹಸಿದು ಮುಂಬಯಿಗೆ ಬಂದವರ ಸಾವುಗಳೂ ‘ಅಧಿಕ ಸಾವಿ’ನಲ್ಲಿ ಸೇರುತ್ತವೆ. ಹೀಗೆ ಎರಡೂ ಕಡೆಯಿಂದ ಅಂಕಿ ಸಡಿಲ. ಕೊನೆಗೆ ಅವಳು ಇಷ್ಟೇ ಮಂದಿ ಸತ್ತರು ಎಂಬ ಒಂದು ಸಂಖ್ಯೆ ಕೊಡುವುದನ್ನೇ ಬಿಟ್ಟು, ಯಾವ ಊಹೆ ಹಿಡಿದರೆ ಸಂಖ್ಯೆ ಯಾವ ಕಡೆ ಜಾರುತ್ತದೆ ಎಂದು ತೋರಿಸಿದಳು.

ವರದಿಗಳಲ್ಲಿ ಇನ್ನೊಂದು ಬಗೆಯ ಕೋಷ್ಟಕವಿತ್ತು: ಜಾತಿ, ಮತದ ಪ್ರಕಾರ ಸಾವು. ಮೊದಮೊದಲಿಗೆ ಜೈನರಲ್ಲಿ ಸಾವು ಹೆಚ್ಚು. ಪ್ರಾಣಿಹಿಂಸೆ ಮಾಡದ ಜನ, ಇಲಿ ಕೊಲ್ಲುವುದಿಲ್ಲ, ಅದಕ್ಕೇ ಎಂಬ ಮಾತು ಅಂದೂ ಇತ್ತು. ಅವಳ ಕರಡಿನಲ್ಲೂ ಅದು ನುಸುಳಿತ್ತು. ನಾನು ಕೇಳಿದ್ದು ಇಷ್ಟೇ: ಆ ಜೈನರು ಎಲ್ಲಿ ವಾಸವಿದ್ದರು? ಬಹುಪಾಲು ಮಾಂಡವಿಯ ಗೋದಾಮುಗಳ ಮೇಲಿನ ಮಾಳಿಗೆಗಳಲ್ಲಿ. ರೋಗ ಮಾಂಡವಿ ಬಿಟ್ಟು ಬೇರೆ ವಾರ್ಡುಗಳಿಗೆ ಹಬ್ಬಿದಂತೆ ಸಾಯುವವರ ಜಾತಿಯೂ ಬದಲಾಯಿತು. ವಾರ್ಡಿನ ಕೋಷ್ಟಕವನ್ನೂ ಜಾತಿಯ ಕೋಷ್ಟಕವನ್ನೂ ಅಕ್ಕಪಕ್ಕ ಇಟ್ಟ ದಿನ ಆ ಪುಟವನ್ನು ಅವಳೇ ಹರಿದು ಹಾಕಿದಳು. 2020ರಲ್ಲಿ ಸೋಂಕಿಗೆ ಧರ್ಮದ ಹಣೆಪಟ್ಟಿ ಹಚ್ಚಿದ್ದನ್ನು ಕಂಡ ಪೀಳಿಗೆ ಇದು. ಕೋವಿಡ್ ಅನುಭವ ಅವಳಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ, ಅಧ್ಯಾಯವಾಗಿ ಅಲ್ಲ.

ದಾಖಲೆಗಳ ಕಡೆ ಒಂದು ಮಾತು. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರಕ್ಕೆ ಕಾಲೇಜಿನ ಪತ್ರ ಹಿಡಿದು ಹೋದಳು. ಚೀಟಿ ಬರೆದು ಕೊಡುವುದು, ಕಾಯುವುದು, ಬಂದ ಕಡತದಲ್ಲಿ ಬೇಕಾದ್ದು ಇಲ್ಲದಿರುವುದು, ಇವೆಲ್ಲ ಎಲ್ಲರಿಗೂ ಆಗುವಂಥವೇ, ವಿಸ್ತರಿಸುವುದಿಲ್ಲ. ಹಾಳೆ ಮುಟ್ಟಿದರೆ ಅಂಚು ಪುಡಿಯಾಗುತ್ತದೆ ಎಂದು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದಳು. ಸಾಮಾನ್ಯ ಇಲಾಖೆಯ ಪ್ಲೇಗು ಸಂಪುಟಗಳಲ್ಲಿ ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅರ್ಜಿಗಳು: ನಮ್ಮ ಜಾತಿಗೆ ಬೇರೆ ಆಸ್ಪತ್ರೆ ಕೊಡಿ, ಹೆಂಗಸರನ್ನು ಗಂಡಸರು ಮುಟ್ಟಿ ನೋಡುವುದು ಬೇಡ ಎಂಬ ಬಗೆಯವು. ಗಟೇಕರ್ ಸಮಿತಿಯ ಕಾಲಕ್ಕೆ ಸಮುದಾಯದ ಖಾಸಗಿ ಆಸ್ಪತ್ರೆಗಳಿಗೆ ಒಪ್ಪಿಗೆ ಸಿಕ್ಕಿತು. ನಂಬುವ ಕಡೆ ಹೋಗಲು ದಾರಿ ಸಿಕ್ಕರೆ ಮುಚ್ಚಿಡುವುದೂ ಕಡಿಮೆಯಾಗಬೇಕಲ್ಲವೇ, ಅದು ಪಟ್ಟಿಯಲ್ಲಿ ಕಾಣಬೇಕಲ್ಲವೇ ಎಂದು ಅವಳಾಗಿಯೇ ಕೇಳಿಕೊಂಡಳು. ಪ್ರಶ್ನೆ ಜಾಣತನದ್ದು. ಆದರೆ ಅದೇ ಹೊತ್ತಿಗೆ ಬೇಸಿಗೆ ಬಂದು ರೋಗವೇ ಇಳಿದದ್ದರಿಂದ ಉತ್ತರ ಹೊರಡಲಿಲ್ಲ.

ಇನ್ನು ಅಜ್ಜಿಯ ವಿಷಯ. ಹುಬ್ಬಳ್ಳಿಯಿಂದ ಬಂದು ಮೊಮ್ಮಗಳ ಮನೆಯಲ್ಲಿದ್ದ ಎಂಬತ್ತು ದಾಟಿದ ಅಜ್ಜಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ತಂದಿದ್ದಳು. "ಇಲಿ ಬಿದ್ದಾವು ಅಂತ ಗೊತ್ತಾತು ಅಂದ್ರ ಮನಿಗೆ ಕೀಲಿ ಹಾಕ್ಕೊಂಡು ಹೊಲದಾಗ ಗುಡಿಸಲ ಹಾಕೋದು. ನಮ್ಮವ್ವ ಹಂಗ ಹೇಳ್ತಿದ್ಲು. ಡಾಕ್ಟರ್ ಬರೋತನಕ ಯಾರು ಕುಂದರ್ತಾರ?" ಈ ಮಾತಿನ ಮೇಲೆ ನಮ್ಮಿಬ್ಬರಿಗೂ ವಾದವಾಯಿತು. ಅವಳಿಗೆ ಇದು 1898ರ ಹುಬ್ಬಳ್ಳಿಯ ಸಾಕ್ಷ್ಯ. ಹುಬ್ಬಳ್ಳಿಗೆ ಪ್ಲೇಗು ಬಂದದ್ದೂ ಅಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದ್ದೂ ಅದೇ ವರ್ಷ. ಅಜ್ಜಿಯ ತಾಯಿ ಕಂಡದ್ದು ಮಾತ್ರ ಅದಾದ ಎಷ್ಟೋ ವರ್ಷಗಳ ಮೇಲಿನ ಪ್ಲೇಗು ಇರಬೇಕು, ಏಕೆಂದರೆ ಆ ಸೀಮೆಯಲ್ಲಿ ರೋಗ ದಶಕಗಟ್ಟಲೆ ಮರುಕಳಿಸುತ್ತಿತ್ತು. ತಾರೀಖಿಗೆ ಅಜ್ಜಿಯ ಮಾತು ಸಾಕ್ಷಿಯಲ್ಲ. ಪದ್ಧತಿಗೆ ಮಾತ್ರ ಬಲವಾದ ಸಾಕ್ಷಿ.

ಆ ಪದ್ಧತಿಯ ಬೆಲೆ ತಿಳಿಯಲು ಮುಂಬಯಿ ಏನು ಮಾಡುತ್ತಿತ್ತು ನೋಡಬೇಕು. ಕೊಳಕಿನಿಂದ ರೋಗ ಎಂಬ ನಂಬಿಕೆಯಲ್ಲಿ ಮುನಿಸಿಪಾಲಿಟಿ ಸಮುದ್ರದ ನೀರಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿ ಚರಂಡಿಗಳನ್ನು ತೊಳೆಯುತ್ತಿತ್ತು. ಅದರಿಂದ ಇಲಿಗಳು ಚರಂಡಿ ಬಿಟ್ಟು ಮನೆಗಳಿಗೇ ನುಗ್ಗಿದವು ಎಂಬ ವಾದವೂ ಇದೆ. ಇಲಿಯ ಚಿಗಟದಿಂದ ರೋಗ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದಾಗ ನಂಬಿದವರು ಕಡಿಮೆ. 1905ರ ನಂತರ ಪರೇಲಿನ ಪ್ರಯೋಗಾಲಯದಲ್ಲಿ, ಇಂದಿನ ಹಾಫ್‌ಕಿನ್ ಸಂಸ್ಥೆಯ ಆವರಣದಲ್ಲಿ, ಗಿನಿಯಿಲಿಗಳನ್ನು ಪಂಜರದಲ್ಲಿಟ್ಟು ಪ್ರಯೋಗದ ಮೇಲೆ ಪ್ರಯೋಗ ಮಾಡಿದ ಮೇಲೆಯೇ ಅದು ಒಪ್ಪಿತವಾಯಿತು. ಇಲಿ ಸತ್ತು ಬಿದ್ದ ಮನೆ ಬಿಡಬೇಕು ಎಂಬುದನ್ನು ಹಳ್ಳಿಯವರು ಚಿಗಟದ ಹೆಸರು ತಿಳಿಯದೆಯೂ ಮಾಡುತ್ತಿದ್ದರು. ಇದನ್ನು ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂಬ ಹೆಮ್ಮೆಗೆ ಎಳೆಯಬೇಡ ಎಂದು ಎಚ್ಚರಿಸಿದೆ. ಹೊಲಕ್ಕೆ ಹೋದವರು ಉಳಿದರು, ಹೋಗಲು ಹೊಲವಿಲ್ಲದವರ ಗತಿ ಏನಾಯಿತು ಎಂದು ಅಜ್ಜಿಯ ಮಾತಿನಲ್ಲಿಲ್ಲ. ಕೇಳಿಕೊಂಡು ಬಾ ಎಂದು ಕಳಿಸಿದರೆ ಅಜ್ಜಿ ಹೇಳಿದರಂತೆ: "ಅವರು ಅಲ್ಲೇ ಇದ್ರು. ಯಾರು ನೋಡ್ಯಾರ ಅವರ್ನ?"

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಕೋವಿಡ್ ಹೋಲಿಕೆ ಇದ್ದರೆ ಪ್ರಬಂಧ ಇನ್ನಷ್ಟು ‘ಪ್ರಸ್ತುತ’ ಆಗುತ್ತಿತ್ತು ಎಂದರು. ಬರಗಾಲದ ಸಾವನ್ನು ಹೇಗೆ ಕಳೆದೆ ಎಂದೂ ಕೇಳಿದರು. ಕಳೆಯಲಿಲ್ಲ, ಕಳೆಯಲು ಬೇಕಾದ ಮಾಹಿತಿ ಈ ಪಟ್ಟಿಯಲ್ಲಿಲ್ಲ, ಆದ್ದರಿಂದ ಪ್ಲೇಗಿನ ಸಾವಿಗೆ ಮೇಲಿನ ಮಿತಿ ಎಂದಷ್ಟೇ ಬರೆದಿದ್ದೇನೆ ಎಂದು ಅವಳು ಉತ್ತರಿಸಿದಳು. ದಾಖಲಾದ ಸಂಖ್ಯೆ ಕೆಳಗಿನ ಮಿತಿ, ಅಧಿಕ ಸಾವು ಮೇಲಿನ ಮಿತಿ, ನಿಜ ನಡುವೆ ಎಲ್ಲೋ. ಆ ಮೇಲಿನ ಮಿತಿಯೂ ಊರಲ್ಲಿ ಉಳಿದವರಿಗೆ ಮಾತ್ರ, ಓಡಿಹೋಗಿ ಸತ್ತವರಿಗೆ ಅಲ್ಲ ಎಂಬುದನ್ನು ಪರೀಕ್ಷಕರು ಕೇಳುವ ಮೊದಲೇ ಸೇರಿಸಿದಳು. ಒಳ್ಳೆಯ ಅಂಕವೇ ಬಂತು, ಅತ್ಯುತ್ತಮ ಎನ್ನುವಂಥದ್ದಲ್ಲ. ತೌಲನಿಕ ಅಧ್ಯಯನ ಮಾಡಿದ ಇನ್ನೊಬ್ಬ ಹುಡುಗನಿಗೆ ಅದಕ್ಕಿಂತ ಹೆಚ್ಚು ಬಂತು. ಇದರ ಬಗ್ಗೆ ನನಗೆ ಅಭಿಪ್ರಾಯವಿದೆ, ಇಲ್ಲಿ ಬೇಡ.

ಎಂ.ಎ.ಗೆ ಅವಳು ಧಾರವಾಡ ಜಿಲ್ಲೆಯನ್ನು ಹಿಡಿಯಬೇಕೆಂದಿದ್ದಾಳೆ. 1956ರವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಅಲ್ಲಿಯ ಕಲೆಕ್ಟರರು ಪ್ಲೇಗಿನ ಬಗ್ಗೆ ಸರ್ಕಾರಕ್ಕೆ ಬರೆದದ್ದನ್ನು ಹುಡುಕಬೇಕಾದ್ದೂ ಕಾಲಾ ಘೋಡಾದಲ್ಲೇ. ಊರ ಹೊರಗಿನ ಗುಡಿಸಲುಗಳಲ್ಲಿ ಯಾರಿದ್ದರು, ಊರೊಳಗೆ ಯಾರು ಉಳಿದರು ಎಂಬುದು ಕಂದಾಯದ ಪತ್ರವ್ಯವಹಾರದಲ್ಲಿ ಎಲ್ಲಾದರೂ ಸಿಗುತ್ತದೆಯೇ ಎಂದು ಈಗ ಸೂಚಿ ನೋಡುತ್ತಿದ್ದಾಳೆ.